ಎರಡು ಬೀಜಗಳು, ಒಂದು ನೆತ್ತರು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಿಂಗಾರಿ ಹೊಲಗಳಲ್ಲಿ ಬಿಳಿಜೋಳದ ನಡುವೆ ಕುಸುಬೆಯನ್ನು ಅಕ್ಕಡಿ ಸಾಲಾಗಿ ಬಿತ್ತುವುದು ಹಿರಿಯರ ರೂಢಿ. ಅದರ ಮುಳ್ಳು ದನಕ್ಕೆ ತಡೆ, ಬೀಜ ಮನೆಗೆ ಎಣ್ಣೆ. ಅದೇ ಮನೆಗಳಲ್ಲಿ ಮಕ್ಕಳ ಬುತ್ತಿಗೆ ರೊಟ್ಟಿಯೊಡನೆ ಅಗಸೆ ಚಟ್ನಿ. ಎರಡೂ ಎಣ್ಣೆಕಾಳುಗಳೇ, ಆದರೆ ನೆತ್ತರನ್ನು ಸೇರಿದ ಮೇಲೆ ಇವು ಹಿಡಿಯುವ ದಾರಿ ಬೇರೆ ಬೇರೆ.

ಕೊಬ್ಬಿನ ಘಟಕಗಳಾದ ಮೇದಾಮ್ಲಗಳು ಇಂಗಾಲದ ಉದ್ದನೆಯ ಸರಪಳಿಗಳು. ಸರಪಳಿಯಲ್ಲಿ ಎರಡು ಅಥವಾ ಹೆಚ್ಚು ದ್ವಿಬಂಧಗಳಿದ್ದರೆ ಅದು ಬಹು ಅಪರ್ಯಾಪ್ತ ಮೇದಾಮ್ಲ. ಬಾಲದ ತುದಿಯಿಂದ ಎಣಿಸಿದಾಗ ಮೊದಲ ದ್ವಿಬಂಧ ಮೂರನೆಯ ಇಂಗಾಲದಲ್ಲಿದ್ದರೆ ಒಮೆಗಾ-3, ಆರನೆಯದರಲ್ಲಿದ್ದರೆ ಒಮೆಗಾ-6. ಕುಸುಬೆ ಎಣ್ಣೆಯ ಸುಮಾರು ಮುಕ್ಕಾಲು ಪಾಲು ಒಮೆಗಾ-6 ವರ್ಗದ ಲಿನೋಲಿಕ್ ಆಮ್ಲ. ಅಗಸೆ ಎಣ್ಣೆಯ ಅರ್ಧಕ್ಕೂ ಹೆಚ್ಚು ಭಾಗ ಒಮೆಗಾ-3 ವರ್ಗದ ಆಲ್ಫಾ ಲಿನೋಲೆನಿಕ್ ಆಮ್ಲ. ಇಂಥ ಮೇದಾಮ್ಲಗಳಿಲ್ಲದೆ ದೇಹ ಬೆಳೆಯದೆಂಬುದನ್ನು ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ 1929ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ನಮ್ಮ ದೇಹ ಇವೆರಡನ್ನೂ ತಾನಾಗಿ ತಯಾರಿಸಿಕೊಳ್ಳಲಾರದು; ಆಹಾರದಿಂದಲೇ ಬರಬೇಕು.

ದೇಹದೊಳಗೆ ಇವೆರಡನ್ನೂ ಪರಿವರ್ತಿಸುವ ಕಿಣ್ವಗಳು ಒಂದೇ. ಒಂದೇ ಗಾಣಕ್ಕೆ ಇಬ್ಬರು ಕಾಳು ತಂದಂತೆ ಇಲ್ಲಿ ಪೈಪೋಟಿ ಏರ್ಪಡುತ್ತದೆ. ಲಿನೋಲಿಕ್ ಆಮ್ಲದಿಂದ ಅರಾಕಿಡೋನಿಕ್ ಆಮ್ಲವೂ, ಅದರಿಂದ ನೋವು, ಬಾವು, ರಕ್ತದ ಹೆಪ್ಪುಗಟ್ಟುವಿಕೆಗಳನ್ನು ನಿಯಂತ್ರಿಸುವ ಪ್ರೋಸ್ಟಾಗ್ಲಾಂಡಿನ್ ಮೊದಲಾದ ಸಂದೇಶವಾಹಕಗಳೂ ಹುಟ್ಟುತ್ತವೆ. ಇವುಗಳ ಸಂಶೋಧನೆಗಾಗಿ ಬೆರ್ಗ್‌ಸ್ಟ್ರೋಮ್, ಸ್ಯಾಮುಯೆಲ್ಸನ್, ವೇನ್ ಎಂಬ ಮೂವರಿಗೆ 1982ರ ನೊಬೆಲ್ ಪಾರಿತೋಷಕ ಸಂದಿತು. ಒಮೆಗಾ-3ರಿಂದ ಹುಟ್ಟುವ ಹಲವು ಅಣುಗಳು ಬಾವನ್ನು ತಗ್ಗಿಸುವ ಕಡೆಗೆ ದುಡಿಯುತ್ತವೆ.

ಊಟ ಬದಲಾದರೆ ನೆತ್ತರಿನ ಈ ಅಣುಗಳೂ ಬದಲಾಗುವವೇ? ಅಮೆರಿಕದಲ್ಲಿ ಅರೆತಲೆನೋವಿನಿಂದ ಬಳಲುತ್ತಿದ್ದ 182 ಜನರ ಮೇಲೆ 16 ವಾರಗಳ ಕಾಲ ನಡೆದ ಪ್ರಯೋಗವೊಂದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮೀನಿನ ಒಮೆಗಾ-3 ಹೆಚ್ಚಿರುವ ಊಟ, ಇನ್ನೊಂದಕ್ಕೆ ಒಮೆಗಾ-3 ಹೆಚ್ಚಿಸಿ ಲಿನೋಲಿಕ್ ಆಮ್ಲವನ್ನು ತಗ್ಗಿಸಿದ ಊಟ, ಮೂರನೆಯದಕ್ಕೆ ಅಮೆರಿಕನ್ನರ ಸಾಮಾನ್ಯ ಊಟದ ಪ್ರಮಾಣ. ಮೊದಲೆರಡು ಗುಂಪುಗಳ ನೆತ್ತರಿನಲ್ಲಿ ನೋವು ತಗ್ಗಿಸುವುದೆಂದು ಎಣಿಸಲಾದ ಒಮೆಗಾ-3 ಜನ್ಯ ಅಣುವಿನ ಪ್ರಮಾಣ ಏರಿತು. ಮೂರನೆಯ ಗುಂಪಿಗೆ ಹೋಲಿಸಿದರೆ ತಲೆನೋವಿನ ದಿನಗಳು ತಿಂಗಳಿಗೆ ಮೊದಲನೆಯದರಲ್ಲಿ ಸುಮಾರು ಎರಡು, ಎರಡನೆಯದರಲ್ಲಿ ಸುಮಾರು ನಾಲ್ಕು ಕಡಿಮೆಯಾದವು. ಆದರೆ ತಲೆನೋವು ಬದುಕನ್ನು ಎಷ್ಟು ಕೆಡಿಸುತ್ತದೆಂದು ಅಳೆಯುವ ಪ್ರಶ್ನಾವಳಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಕುಸುಬೆ ಕೆಟ್ಟದ್ದೇ? ಹಾಗೆನ್ನಲಾಗದು. ಬೆಣ್ಣೆ, ವನಸ್ಪತಿಗಳ ಬದಲಿಗೆ ಲಿನೋಲಿಕ್ ಆಮ್ಲದ ಎಣ್ಣೆ ಬಳಸಿದರೆ ಹಾನಿಕರ ಎಲ್‌ಡಿಎಲ್ ಕೊಲೆಸ್ಟೆರಾಲ್ ಇಳಿಯುತ್ತದೆ. ಈ ಬದಲಾವಣೆ ಹೃದಯಕ್ಕೆ ಹಿತವೆಂದೇ ಅಮೆರಿಕದ ಹೃದಯ ಸಂಘ 2017ರಲ್ಲಿ ಸಲಹೆ ನೀಡಿತು. ಇನ್ನೊಂದೆಡೆ, 1966ರಿಂದ 1973ರವರೆಗೆ ಸಿಡ್ನಿಯಲ್ಲಿ 458 ಮಂದಿ ಹೃದ್ರೋಗಿ ಪುರುಷರ ಮೇಲೆ ಕುಸುಬೆ ಎಣ್ಣೆಯದೇ ಪ್ರಯೋಗ ನಡೆದಿತ್ತು. ಅವರ ಕೊಲೆಸ್ಟೆರಾಲ್ ಇಳಿದರೂ ಸಾವುಗಳು ಹೆಚ್ಚಿದ್ದವೆಂದು 2013ರ ಮರುವಿಶ್ಲೇಷಣೆ ತೋರಿಸಿತು. ಅವರು ತಿಂದ ಮಾರ್ಗರಿನ್‌ನಲ್ಲಿದ್ದ ಬೇರೆ ಕೊಬ್ಬೇ ಕಾರಣವಿರಬಹುದೆಂಬ ಆಕ್ಷೇಪವೂ ಇದೆ. ರಕ್ತಪರೀಕ್ಷೆಯ ಒಂದೇ ಅಂಕಿಯಿಂದ ಆರೋಗ್ಯವನ್ನು ಅಳೆಯಬಾರದೆಂಬುದಂತೂ ಇದರಿಂದ ಸ್ಪಷ್ಟ.

ಮನೆಯವರಿಗೆ ಇದರಿಂದ ದೊರೆಯುವ ವಿವೇಕ ಸರಳ. ಎಣ್ಣೆಯನ್ನು ಮಿತವಾಗಿ ಬಳಸಿರಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿರಿ, ದ್ವಿಬಂಧಗಳು ಶಾಖಕ್ಕೆ ಬೇಗ ಕೆಡುತ್ತವೆ. ಅಗಸೆಯನ್ನು ಹುರಿದು, ಸ್ವಲ್ಪಸ್ವಲ್ಪವೇ ಪುಡಿಮಾಡಿಕೊಳ್ಳಿರಿ. ಬಹಳ ದಿನವಿಟ್ಟರೆ ಪುಡಿ ಕಮಟುತ್ತದೆ. ಅಗಸೆಯ ಒಮೆಗಾ-3ರಲ್ಲಿ ಅಲ್ಪಭಾಗ ಮಾತ್ರ ದೇಹದಲ್ಲಿ ಮೀನಿನ ಬಗೆಯದಾಗಿ ಮಾರ್ಪಡುತ್ತದೆ. ಆದ್ದರಿಂದ ಮೀನುಣ್ಣುವ ಮನೆಗಳಿಗೆ, ಕಾಸರಗೋಡಿನ ಕಡಲತಡಿಯವರಿಗಂತೂ, ಬೂತಾಯಿ, ಬಂಗುಡೆಗಳು ನೇರ ಮೂಲ. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಮೀನೆಣ್ಣೆಯ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ತಲೆನೋವಿನ ಆ ಪ್ರಯೋಗದಲ್ಲಿ ಯಾರೂ ತಮ್ಮ ಔಷಧವನ್ನು ತೊರೆದು ಊಟವನ್ನಷ್ಟೇ ನೆಚ್ಚಬೇಕಾಗಿರಲಿಲ್ಲ ಎಂಬುದೂ ನೆನಪಿರಲಿ.

ವಿಜ್ಞಾನದ ಪಾಠದಲ್ಲಿ ದ್ವಿಬಂಧದ ಚಿತ್ರ ಬರೆಯುವ ಮಗುವಿಗೆ, ಅದು ಬುತ್ತಿಯ ಚಟ್ನಿಯಲ್ಲೂ ಇದೆಯೆಂದು ತಾಯಿತಂದೆಯರು ಹೇಳಿದರೆ ಆ ಪಾಠ ಮರೆಯಲಾರದು.