ತುಂಬಿದ ಟ್ರೇಲರು ನಿಲ್ಲಲು ಎಷ್ಟು ದೂರ ಬೇಕು?

ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲನ್ನು ಎಲ್ಲರೂ ನೋಡಿದ್ದೇವೆ. ಎಂಜಿನ್ನಿನ ಅಶ್ವಶಕ್ತಿ ಎಷ್ಟು, ಎಷ್ಟು ಟನ್ ಎಳೆಯಬಲ್ಲದು ಎಂಬುದನ್ನು ನಮ್ಮ ರೈತರು ಕೊಳ್ಳುವಾಗಲೇ ವಿಚಾರಿಸುತ್ತಾರೆ. ಎಳೆದದ್ದನ್ನು ನಿಲ್ಲಿಸುವ ಬಗೆಯನ್ನು ಅಷ್ಟಾಗಿ ಕೇಳುವುದಿಲ್ಲ. ಪ್ರಾಣಕ್ಕೆ ಅಪಾಯವಿರುವುದು ಇಲ್ಲಿ.

ಚಲಿಸುತ್ತಿರುವ ವಸ್ತು ಹೊರಗಿನ ಬಲವೊಂದು ತಡೆಯುವವರೆಗೆ ಅದೇ ವೇಗದಲ್ಲಿ ಚಲಿಸುತ್ತಲೇ ಇರುತ್ತದೆ. ನ್ಯೂಟನ್ ೧೬೮೭ರಲ್ಲಿ ಪ್ರಕಟಿಸಿದ ಮೂರು ನಿಯಮಗಳಲ್ಲಿ ಇದು ಮೊದಲನೆಯದು. ಈ ಗುಣಕ್ಕೆ ಜಡತ್ವವೆಂದು ಹೆಸರು. ಗಾಡಿ ಹೊಡೆದವರಿಗೆ ಇದು ಹೊಸದಲ್ಲ. ಎತ್ತುಗಳು ಥಟ್ಟನೆ ನಿಂತರೆ ಹೇರು ತುಂಬಿದ ಗಾಡಿ ನೊಗವನ್ನು ಮುಂದಕ್ಕೆ ನೂಕುತ್ತದೆ. ಎರಡನೆಯ ನಿಯಮದ ಪ್ರಕಾರ, ತಡೆಯುವ ಬಲ ಅಷ್ಟೇ ಇದ್ದು ತೂಕ ಹೆಚ್ಚಿದರೆ ವೇಗ ತಗ್ಗುವುದು ನಿಧಾನವಾಗುತ್ತದೆ.

ಉದಾಹರಣೆಗೆ, ೨ ಟನ್ ತೂಕದ ಟ್ರ್ಯಾಕ್ಟರು ಗಂಟೆಗೆ ೨೦ ಕಿ.ಮೀ. ವೇಗದಲ್ಲಿ ಒಂಟಿಯಾಗಿ ಹೋಗುವಾಗ ಬ್ರೇಕು ಒತ್ತಿದ ಮೇಲೆ ೫ ಮೀಟರಿನಲ್ಲಿ ನಿಲ್ಲುತ್ತದೆಂದು ಇಟ್ಟುಕೊಳ್ಳಿ. ಅದಕ್ಕೆ ಬ್ರೇಕಿಲ್ಲದ ಟ್ರೇಲರು ಮತ್ತು ಕಬ್ಬು ಸೇರಿ ೮ ಟನ್ ಕಟ್ಟಿದರೆ ಒಟ್ಟು ತೂಕ ೧೦ ಟನ್, ಅಂದರೆ ಐದು ಪಟ್ಟು. ಬ್ರೇಕಿನ ಬಲ ಮಾತ್ರ ಮೊದಲಿನಷ್ಟೇ. ಆದ್ದರಿಂದ ನಿಲ್ಲಲು ೨೫ ಮೀಟರು ಬೇಕು. ವೇಗ ೪೦ ಕಿ.ಮೀ. ಆದರೆ ದೂರ ಇಮ್ಮಡಿಯಲ್ಲ, ನಾಲ್ಕು ಪಟ್ಟು, ೧೦೦ ಮೀಟರು! ಚಾಲಕನು ಅಪಾಯವನ್ನು ಕಂಡು ಪೆಡಲು ಒತ್ತುವಷ್ಟರಲ್ಲಿ ಸಾಗಿದ ದೂರ ಇದರಲ್ಲಿ ಸೇರಿಲ್ಲ.

ಇಳಿಜಾರಿನ ಲೆಕ್ಕ ಇನ್ನೂ ಕಠಿಣ. ೨೦ ಮೀಟರಿಗೆ ೧ ಮೀಟರು ಇಳಿಯುವ ರಸ್ತೆ ಕಣ್ಣಿಗೆ ಅಂಥ ಇಳಿಜಾರಾಗಿ ತೋರುವುದಿಲ್ಲ. ಆದರೂ ೧೦ ಟನ್ ಭಾರದ ಇಪ್ಪತ್ತನೆಯ ಒಂದು ಭಾಗ, ಅಂದರೆ ೫೦೦ ಕಿಲೋ, ಸದಾ ಮುಂದಕ್ಕೆ ನೂಕುತ್ತಿರುತ್ತದೆ. ಮೇಲೆ ಹೇಳಿದ ಟ್ರ್ಯಾಕ್ಟರಿನ ಬ್ರೇಕು ತಡೆಯಬಲ್ಲದ್ದು ಸುಮಾರು ೬೩೦ ಕಿಲೋ. ನಿಲ್ಲಿಸುವುದಕ್ಕೆ ಉಳಿಯುವುದು ೧೩೦ ಕಿಲೋ ಮಾತ್ರ. ೨೦ ಕಿ.ಮೀ. ವೇಗದಲ್ಲಿಯೂ ಬಂಡಿ ನಿಲ್ಲಲು ನೂರು ಮೀಟರಿಗೂ ಹೆಚ್ಚು ಬೇಕು. (ಚಕ್ರ ಉರುಳುವಾಗಿನ ತಡೆಯನ್ನು ಇಲ್ಲಿ ಹಿಡಿದಿಲ್ಲ, ಅದನ್ನು ನಂಬಿ ಇಳಿಯುವುದೂ ಜಾಣತನವಲ್ಲ.)

ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಗೇರು ತೆಗೆದು ಬಿಡುವ ಅಭ್ಯಾಸ ಕೆಲವರಿಗಿದೆ. ಗೇರಿನಲ್ಲಿದ್ದಾಗ ಎಂಜಿನ್ನೇ ಒಂದು ಬ್ರೇಕಿನಂತೆ ಚಕ್ರಗಳನ್ನು ಹಿಡಿದಿರುತ್ತದೆ. ನ್ಯೂಟ್ರಲ್ ಮಾಡಿದೊಡನೆ ಅದು ಇಲ್ಲವಾಗುತ್ತದೆ. ಆ ಏರನ್ನು ಹತ್ತಲು ಬೇಕಾಗುವ ಗೇರಿನಲ್ಲಿಯೇ ಅದನ್ನು ಇಳಿಯಬೇಕು. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಬದಲಿಸಿಕೊಳ್ಳಬೇಕು. ಟ್ರೇಲರಿಗೂ ಬ್ರೇಕು ಇರುವುದು, ಅದು ಸುಸ್ಥಿತಿಯಲ್ಲಿರುವುದು ಅಗತ್ಯ.

ಟ್ರ್ಯಾಕ್ಟರಿನ ಎಡ, ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕು ಪೆಡಲುಗಳಿರುವುದು ಹೊಲದಲ್ಲಿ ಬೇಗ ತಿರುಗಿಸಲು. ರಸ್ತೆಯಲ್ಲಿ ಒಂದೇ ಪೆಡಲು ಒತ್ತಿದರೆ ಒಂದು ಚಕ್ರ ಮಾತ್ರ ಹಿಡಿದು ಟ್ರ್ಯಾಕ್ಟರು ಅಡ್ಡ ತಿರುಗುತ್ತದೆ, ಹಿಂದಿನ ಭಾರ ಅದನ್ನು ಮಗುಚುತ್ತದೆ. ಆದಕಾರಣ ಹೊಲದ ಕೆಲಸ ಮುಗಿಸಿ ರಸ್ತೆಗೆ ಹತ್ತುವ ಮುನ್ನ ಎರಡೂ ಪೆಡಲುಗಳನ್ನು ಜೋಡಿಸುವ ಕೊಂಡಿಯನ್ನು ತಪ್ಪದೆ ಹಾಕಿಕೊಳ್ಳಬೇಕು.