ಕಟ್ಟಿದವರೂ ಬಿಟ್ಟುಕೊಟ್ಟವರೂ

ಈಚಿನ ವರ್ಷಗಳಲ್ಲಿ ನಮ್ಮ ಸಮಾಜದ ವಿವಾಹ ಆಮಂತ್ರಣ ಪತ್ರಿಕೆಗಳಲ್ಲಿ ವಧೂವರರ ಹೆಸರಿನ ಕೆಳಗೆ ಯಾವುದಾದರೊಂದು ಸಾಫ್ಟ್‌ವೇರ್ ಸಂಸ್ಥೆಯ ಹೆಸರು ಅಚ್ಚಾಗಿರುವುದು ವಾಡಿಕೆಯೇ ಆಗಿಹೋಗಿದೆ. ಸಂಬಂಧ ಕೂಡಿಸಲು ಬರುವ ಹಿರಿಯರು ಸಂಬಳವೆಷ್ಟು, ಅಮೆರಿಕಕ್ಕೆ ಕಳುಹಿಸುವರೇ, ರಾತ್ರಿಪಾಳಿ ಇದೆಯೇ ಎಂದು ವಿಚಾರಿಸುತ್ತಾರೆ. ಆ ಸಂಸ್ಥೆಯನ್ನು ಕಟ್ಟಿದವರು ಯಾರು, ಅದರ ಚುಕ್ಕಾಣಿ ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೇಗೆ ದಾಟಿತು ಎಂದು ಕೇಳುವವರು ವಿರಳ. ಕೇಳಬೇಕಾದ ಪ್ರಶ್ನೆ ಇದೇ ಎಂಬುದು ನಮ್ಮ ಭಾವನೆ. ಅಣ್ಣತಮ್ಮಂದಿರು ಕೂಡಿ ಅಂಗಡಿ ನಡೆಸುವ ಮನೆಗಳು ನಮ್ಮಲ್ಲಿವೆ, ಹತ್ತು ಜನ ಸೇರಿ ಕಟ್ಟಿದ ವಿದ್ಯಾಸಂಸ್ಥೆಗಳಿವೆ, ಪೀಠಗಳಿವೆ, ಮಠಗಳಿವೆ. ಇವೆಲ್ಲಕ್ಕೂ ಎಂದಾದರೊಂದು ದಿನ ಎದುರಾಗುವ ಸಮಸ್ಯೆಯನ್ನು ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆ ಎಲ್ಲರ ಕಣ್ಣೆದುರಿಗೇ ಎದುರಿಸಿದೆ. ಆದಕಾರಣ ಅದರ ವೃತ್ತಾಂತವನ್ನು ನಮ್ಮ ಓದುಗರ ಮುಂದಿಡಲು ಬಯಸಿದ್ದೇವೆ.

ಮೊದಲು ಈ ಉದ್ಯೋಗದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ಅಮೆರಿಕದ ಬ್ಯಾಂಕೋ ವಿಮಾ ಕಂಪನಿಯೋ ತನ್ನ ವ್ಯವಹಾರಕ್ಕೆ ಬೇಕಾದ ಗಣಕ ಕಾರ್ಯಕ್ರಮಗಳನ್ನು ಬರೆಯುವ, ತಿದ್ದುವ, ಕಾಪಾಡುವ ಕೆಲಸವನ್ನು ಹೊರಗಿನವರಿಗೆ ಒಪ್ಪಿಸುತ್ತದೆ. ಇದಕ್ಕೆ ಹೊರಗುತ್ತಿಗೆ ಎನ್ನುತ್ತಾರೆ. ಕೆಲವೇ ಮಂದಿ ಗ್ರಾಹಕನ ಬಳಿಯಿದ್ದು ಅವನಿಗೆ ಬೇಕಾದುದನ್ನು ತಿಳಿಯುವರು. ಬಹುಭಾಗದ ಕೆಲಸ ಇಲ್ಲಿ ನಡೆಯುವುದು. ಅಲ್ಲಿಯವರು ಮಲಗಿರುವಾಗ ಇಲ್ಲಿ ಹಗಲಾದ್ದರಿಂದ ಕೆಲಸ ನಿಲ್ಲುವುದೇ ಇಲ್ಲ. ಇಂತಹ ವ್ಯವಹಾರದಲ್ಲಿ ಗಿರಣಿಯಿಲ್ಲ, ಗೋದಾಮಿಲ್ಲ. ಇರುವ ಬಂಡವಾಳವೆಲ್ಲ ಮನುಷ್ಯರ ಬುದ್ಧಿ ಮತ್ತು ಅವರ ಮಾತಿನ ಮೇಲಿನ ನಂಬಿಕೆ. ಸಂಜೆಯಾದೊಡನೆ ಬಂಡವಾಳವೆಲ್ಲ ಬಾಗಿಲು ದಾಟಿ ಮನೆಗೆ ಹೊರಟುಹೋಗುವ ಇಂತಹ ಉದ್ಯೋಗದಲ್ಲಿ ಮುಂದಾಳುಗಳ ನಡತೆಗೆ ಬರುವ ಬೆಲೆ ಬೇರೆ ಉದ್ಯೋಗಗಳಲ್ಲಿ ಬಾರದು.

1981ರ ಜುಲೈ ತಿಂಗಳಿನಲ್ಲಿ ಪುಣೆಯಲ್ಲಿ ಏಳು ಮಂದಿ ಇಂಜಿನಿಯರುಗಳು ಈ ಸಂಸ್ಥೆಯನ್ನು ಆರಂಭಿಸಿದರು. ಎಲ್ಲರೂ ಪಟ್ನಿ ಕಂಪ್ಯೂಟರ್ಸ್ ಎಂಬ ಸಂಸ್ಥೆಯಲ್ಲಿ ಜೊತೆಗೆ ದುಡಿದವರು. ಹಿರಿಯರಾದ ಎನ್. ಆರ್. ನಾರಾಯಣಮೂರ್ತಿಯವರು ಶಿಡ್ಲಘಟ್ಟದಲ್ಲಿ ಹುಟ್ಟಿ ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್‌ನಲ್ಲಿಯೂ ಬಳಿಕ ಕಾನ್ಪುರದ ಐ.ಐ.ಟಿ.ಯಲ್ಲಿಯೂ ಓದಿದವರು. ಅವರೊಡನೆ ಎನ್. ಎಸ್. ರಾಘವನ್, ನಂದನ್ ನಿಲೇಕಣಿ, ಕೇರಳದ ಎಸ್. ಗೋಪಾಲಕೃಷ್ಣನ್ ಮತ್ತು ಎಸ್. ಡಿ. ಶಿಬುಲಾಲ್, ಕೆ. ದಿನೇಶ್, ಅಶೋಕ್ ಅರೋರಾ ಇದ್ದರು. ಮೂಲಧನ ಹತ್ತು ಸಾವಿರ ರೂಪಾಯಿ. ಅದು ಶ್ರೀಮತಿ ಸುಧಾ ಮೂರ್ತಿಯವರು ಕೂಡಿಟ್ಟ ಹಣ. ಆ ತಾಯಿ ಇಂಜಿನಿಯರಿಂಗ್ ಓದಿದ್ದು ಹುಬ್ಬಳ್ಳಿಯ ಬಿ. ವಿ. ಭೂಮರಡ್ಡಿ ಕಾಲೇಜಿನಲ್ಲಿ, ಅಂದರೆ ನಮ್ಮ ಕೆ.ಎಲ್.ಇ. ಸಂಸ್ಥೆಯ ಆಶ್ರಯದಲ್ಲಿ ಎಂಬುದನ್ನು ಅನೇಕರು ಅರಿಯರು.

ಇಲ್ಲಿ ಒಂದು ಮಾತು ನೆನಪಿಗೆ ಬರುತ್ತದೆ. ಆ ಕೆ.ಎಲ್.ಇ. ಸಂಸ್ಥೆಯನ್ನು 1916ರಲ್ಲಿ ಬೆಳಗಾವಿಯಲ್ಲಿ ಕಟ್ಟಿದವರೂ ಏಳು ಮಂದಿಯೇ. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಆ ತರುಣ ಶಿಕ್ಷಕರನ್ನು ನಮ್ಮ ಜನ ಸಪ್ತರ್ಷಿಗಳೆಂದೇ ಗೌರವಿಸುತ್ತ ಬಂದಿದ್ದಾರೆ. ಅವರು ಕಟ್ಟಿದ್ದು ವಿದ್ಯೆಗಾಗಿ, ಇವರು ಕಟ್ಟಿದ್ದು ವ್ಯಾಪಾರಕ್ಕಾಗಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾವು ಹೊರಟಿಲ್ಲ. ಆದರೆ ಏಳು ಜನ ಓದಿದವರು ಒಂದೆಡೆ ಕೂಡಿ, ಒಬ್ಬನ ಹೆಸರನ್ನೂ ಸಂಸ್ಥೆಗೆ ಇಡದೆ, ವರ್ಷಗಟ್ಟಲೆ ಒಡೆಯದೆ ನಿಲ್ಲುವುದು ಯಾವ ಕ್ಷೇತ್ರದಲ್ಲಿಯೂ ಸುಲಭವಲ್ಲ. ಮೂವರು ಭಾಗೀದಾರರಿದ್ದ ಅಡತಿ ಅಂಗಡಿಗಳು ಮೂರು ವರ್ಷಕ್ಕೆ ಮೂರು ಬೋರ್ಡುಗಳಾಗುವುದನ್ನು ಯಾವ ಪೇಟೆಯಲ್ಲಿ ನೋಡಿಲ್ಲ?

1983ರಲ್ಲಿ ಸಂಸ್ಥೆ ಬೆಂಗಳೂರಿಗೆ ಬಂದಿತು. ಆ ಕಾಲದ ಕಷ್ಟ ಇಂದಿನ ತರುಣರಿಗೆ ಕಥೆಯಂತೆ ಕೇಳಿಸೀತು. ಗಣಕಯಂತ್ರವನ್ನು ತರಿಸಿಕೊಳ್ಳಲು ಸರಕಾರದ ಪರವಾನಗಿ ಬೇಕು. ಅದಕ್ಕಾಗಿ ವರ್ಷಗಟ್ಟಲೆ ದೆಹಲಿಗೆ ಅಲೆಯಬೇಕು. ಟೆಲಿಫೋನು ಬೇಕೆಂದರೂ ಕಾಯಬೇಕು. ಗಣಕಯಂತ್ರವೇ ಇಲ್ಲದ ಗಣಕ ಸಂಸ್ಥೆಯದು. ಹೀಗಾಗಿ ಸ್ಥಾಪಕರಲ್ಲಿ ಹಲವರು ಅಮೆರಿಕಕ್ಕೇ ಹೋಗಿ ಗ್ರಾಹಕರ ಬಳಿ ದುಡಿಯಬೇಕಾಯಿತು. 1989ರಲ್ಲಿ ಅರೋರಾ ಅವರು ಸಂಸ್ಥೆಯನ್ನು ಬಿಟ್ಟರು. ಉಳಿದವರ ಮನಸ್ಸೂ ಸೋತಿತ್ತು.

1990ರ ಚಳಿಗಾಲದ ಒಂದು ಶನಿವಾರದ ಬೆಳಗ್ಗೆ ಬೆಂಗಳೂರಿನ ಕಚೇರಿಯಲ್ಲಿ ನಡೆದ ಮಾತುಕತೆಯನ್ನು ನಾರಾಯಣಮೂರ್ತಿಯವರು ಮುಂದೆ ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ. ಸಂಸ್ಥೆಯನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳುವವರು ಮುಂದೆ ಬಂದಿದ್ದರು. ಏಳು ಜನರಲ್ಲಿ ಐವರು ಅಂದು ಕೂಡಿದ್ದರು. ಒಂಬತ್ತು ವರ್ಷ ದುಡಿದರೂ ಸ್ವಂತ ಮನೆಯಿಲ್ಲ, ಕಾರಿಲ್ಲ. ಬಂದ ಬೆಲೆಗೆ ಮಾರಿಬಿಡೋಣವೆಂದು ಕಿರಿಯರು ಹೇಳಿದರು. ನಾರಾಯಣಮೂರ್ತಿಯವರು ಎಲ್ಲರ ಮಾತು ಮುಗಿಯುವವರೆಗೆ ಸುಮ್ಮನಿದ್ದು, ಕೊನೆಗೆ, ನೀವೆಲ್ಲ ಹೊರಡುವುದಾದರೆ ನಿಮ್ಮ ಪಾಲುಗಳನ್ನು ನಾನೇ ಕೊಳ್ಳುತ್ತೇನೆ ಎಂದರು. ಅವರ ಕೈಯಲ್ಲಿಯೂ ಹಣವಿರಲಿಲ್ಲ. ಕೋಣೆ ಸ್ತಬ್ಧವಾಯಿತು. ಒಂದು ಗಂಟೆಯ ಚರ್ಚೆಯ ಬಳಿಕ ಉಳಿದವರೂ ಮನಸ್ಸು ಬದಲಿಸಿ ನಿಂತರು.

ಈ ಪ್ರಸಂಗವನ್ನು ಜನ ಧೈರ್ಯಕ್ಕೆ ದೃಷ್ಟಾಂತವಾಗಿ ಹೇಳುತ್ತಾರೆ. ನಮಗೆ ಅದರಲ್ಲಿ ಕಾಣುವುದು ಬೇರೊಂದು ಗುಣ. ಹಿರಿಯನು ಕಿರಿಯರನ್ನು ಗದರಿಸಲಿಲ್ಲ, ಉಪಕಾರವನ್ನು ಎತ್ತಿ ಆಡಲಿಲ್ಲ, ಹೋಗುವವರಿಗೆ ಬಾಗಿಲನ್ನು ತೆರೆದಿಟ್ಟು ತಾನು ಉಳಿಯುವೆನೆಂದನು. ಕೂಡಿ ಬಾಳುವವರನ್ನು ಹಿಡಿದಿಡಲು ಇದಕ್ಕಿಂತ ಗಟ್ಟಿಯಾದ ಹಗ್ಗವನ್ನು ನಾವು ಕಂಡಿಲ್ಲ.

ಮುಂದಿನ ವರ್ಷವೇ ದೇಶದ ಆರ್ಥಿಕ ನೀತಿ ಬದಲಾಯಿತು. ಪರವಾನಗಿಯ ಕಟ್ಟುಗಳು ಸಡಿಲಗೊಂಡವು. 1993ರಲ್ಲಿ ಸಂಸ್ಥೆ ಷೇರೊಂದಕ್ಕೆ 95 ರೂಪಾಯಿಯಂತೆ ಜನರ ಮುಂದೆ ಬಂದಾಗ ಕೊಳ್ಳುವವರು ಸಾಕಷ್ಟು ಸಿಗಲಿಲ್ಲವೆಂದರೆ ಇಂದು ನಂಬುವುದು ಕಷ್ಟ. ಮರುವರ್ಷದಿಂದ ನೌಕರರಿಗೂ ಷೇರಿನ ಪಾಲು ಕೊಡುವ ಪದ್ಧತಿಯನ್ನು ತಂದರು. ದಾಸೋಹವೆಂಬ ದೊಡ್ಡ ಪದವನ್ನು ಇದಕ್ಕೆ ಬಳಸಲು ನಾವು ಒಪ್ಪುವುದಿಲ್ಲ, ಏಕೆಂದರೆ ದಾಸೋಹದಲ್ಲಿ ಕೊಟ್ಟೆನೆಂಬ ಭಾವವಿರಕೂಡದು, ಇಲ್ಲಿಯಾದರೋ ಕೊಟ್ಟುದಕ್ಕೆ ಪ್ರತಿಯಾಗಿ ದುಡಿಮೆಯ ನಿರೀಕ್ಷೆಯಿದೆ. ಆದರೂ ದುಡಿದವನಿಗೆ ಸಂಬಳದ ಆಚೆಗೆ ಒಡೆತನದಲ್ಲಿಯೂ ಹಕ್ಕಿದೆಯೆಂದು ಒಪ್ಪಿದ್ದು ಸಣ್ಣ ಸಂಗತಿಯಲ್ಲ. 1995ರಲ್ಲಿ, ಆದಾಯದ ಕಾಲುಭಾಗವನ್ನು ಒದಗಿಸುತ್ತಿದ್ದ ಅಮೆರಿಕದ ಮಹಾಗ್ರಾಹಕನು ಬೆಲೆಯನ್ನು ತೀರ ಇಳಿಸುವಂತೆ ಒತ್ತಾಯಿಸಿದಾಗ ಆ ವ್ಯವಹಾರವನ್ನೇ ವಿನಯದಿಂದ ಬಿಟ್ಟುಕೊಟ್ಟರು. ಒಬ್ಬನೇ ಗ್ರಾಹಕನನ್ನು ಅತಿಯಾಗಿ ನೆಚ್ಚಬಾರದೆಂಬ ನಿಯಮ ಅಂದಿನಿಂದ ಬಲವಾಯಿತು. 1999ರಲ್ಲಿ ಅಮೆರಿಕದ ನ್ಯಾಸ್‌ಡ್ಯಾಕ್ ಷೇರುಪೇಟೆಯಲ್ಲಿ ಹೆಸರು ನೋಂದಾಯಿಸಿದ ಮೊದಲ ಭಾರತೀಯ ಕಂಪನಿ ಎಂಬ ಕೀರ್ತಿಯೂ ಬಂದಿತು. ಏಳು ಜನರಿಂದ ತೊಡಗಿದ ಸಂಸ್ಥೆಯಲ್ಲಿ ಈಗ ದುಡಿಯುವವರು ಮೂರು ಲಕ್ಷಕ್ಕೂ ಮಿಕ್ಕಿದ್ದಾರೆ.

ಇಲ್ಲಿಯವರೆಗಿನದು ಕಟ್ಟಿದ ಕಥೆ. ಇನ್ನು ಬಿಟ್ಟುಕೊಟ್ಟ ಕಥೆ, ಕಠಿಣವಾದುದು ಇದೇ.

ಇಪ್ಪತ್ತೊಂದು ವರ್ಷ ಮುಖ್ಯಾಧಿಕಾರಿಯಾಗಿದ್ದ ನಾರಾಯಣಮೂರ್ತಿಯವರು 2002ರಲ್ಲಿ ಆ ಸ್ಥಾನವನ್ನು ನಿಲೇಕಣಿಯವರಿಗೆ ಒಪ್ಪಿಸಿದರು. 2007ರಲ್ಲಿ ಗೋಪಾಲಕೃಷ್ಣನ್, 2011ರಲ್ಲಿ ಶಿಬುಲಾಲ್ ಆ ಸ್ಥಾನಕ್ಕೆ ಬಂದರು. ನಿಲೇಕಣಿಯವರು 2009ರಲ್ಲಿ ಸಂಸ್ಥೆಯನ್ನೇ ಬಿಟ್ಟು ಕೇಂದ್ರ ಸರಕಾರದ ಕರೆಯಂತೆ ಆಧಾರ್ ಯೋಜನೆಯ ಹೊಣೆಯನ್ನು ಹೊತ್ತರು. ಅರವತ್ತೈದು ತುಂಬಿದೊಡನೆ, 2011ರಲ್ಲಿ, ನಾರಾಯಣಮೂರ್ತಿಯವರು ನಿಯಮದಂತೆ ಅಧ್ಯಕ್ಷ ಪದವಿಯಿಂದಲೂ ಇಳಿದರು. ಸ್ಥಾಪಕರಲ್ಲದ, ಮಂಗಳೂರು ಮೂಲದ ಕೆ. ವಿ. ಕಾಮತರು ಅಧ್ಯಕ್ಷರಾದರು.

ಹೊರನೋಟಕ್ಕೆ ಇದು ಸುಂದರವಾದ ಪರಂಪರೆ. ಒಳಹೊಕ್ಕು ನೋಡಿದರೆ ಒಂದು ಶಂಕೆ ಉಳಿಯುತ್ತದೆ. ಅರ್ಹನಾದವನನ್ನು ಹುಡುಕಿ ಪೀಠಕ್ಕೆ ಕೂಡಿಸಿದರೋ, ಸ್ಥಾಪಕರಲ್ಲಿ ಪಾಳಿಯ ಮೇಲೆ ಹಂಚಿಕೊಂಡರೋ? ಕಲ್ಯಾಣದ ಶೂನ್ಯಸಿಂಹಾಸನವನ್ನು ಇಲ್ಲಿ ಸ್ಮರಿಸಬೇಕು. ಅನುಭವಮಂಟಪಕ್ಕೆ ಆಧಾರಸ್ತಂಭವಾಗಿದ್ದ ಬಸವಣ್ಣನವರು ತಾವು ಆ ಪೀಠವನ್ನು ಏರಲಿಲ್ಲ. ಹೊರಗಿನಿಂದ ನಡೆದುಬಂದ ಅಲ್ಲಮಪ್ರಭುಗಳನ್ನು ಅದರ ಮೇಲೆ ಕುಳ್ಳಿರಿಸಿದರು. ಅವರ ಬಳಿಕ ಚೆನ್ನಬಸವಣ್ಣನವರು, ತರುವಾಯ ಸೊನ್ನಲಿಗೆಯ ಸಿದ್ಧರಾಮರು ಆ ಪೀಠಕ್ಕೆ ಬಂದರೆಂಬುದು ಪರಂಪರೆಯ ಮಾತು. ಅನುಭಾವವೊಂದೇ ಅಲ್ಲಿ ಅರ್ಹತೆಯಾಗಿತ್ತು. ಈ ಸಂಸ್ಥೆಯಲ್ಲಾದರೋ ಹೊರಗಿನವರೊಬ್ಬರು ಮುಖ್ಯಾಧಿಕಾರಿಯಾಗಲು ಮೂವತ್ತಮೂರು ವರ್ಷ ಹಿಡಿಯಿತು.

ಅದಕ್ಕೆ ಮುಂಚೆ ಇನ್ನೊಂದು ಘಟನೆ ನಡೆಯಿತು. ಸ್ಥಾಪಕರ ಮಕ್ಕಳು ಸಂಸ್ಥೆಗೆ ಬರಕೂಡದೆಂಬುದು ಏಳೂ ಜನರು ಪಾಲಿಸಿಕೊಂಡು ಬಂದಿದ್ದ ಕಟ್ಟಳೆ. 2013ರಲ್ಲಿ ವ್ಯವಹಾರ ಕುಂಟತೊಡಗಿದಾಗ ಆಡಳಿತ ಮಂಡಳಿ ನಾರಾಯಣಮೂರ್ತಿಯವರನ್ನು ಮರಳಿ ಕರೆಯಿತು. ಅವರು ಮಗನನ್ನು ತಮ್ಮ ಕಾರ್ಯಸಹಾಯಕನಾಗಿ ಕರೆತಂದರು. ಇಬ್ಬರಿಗೂ ವರ್ಷಕ್ಕೆ ಒಂದೊಂದು ರೂಪಾಯಿ ಸಂಬಳ. ಹಣದ ಆಸೆಯಿಂದ ಹೀಗೆ ಮಾಡಿದರೆಂದು ಯಾರೂ ಹೇಳಲಾರರು. ಆದರೂ ಜನರ ನಾಲಗೆ ಸುಮ್ಮನಿರಲಿಲ್ಲ. ಆ ಅವಧಿಯಲ್ಲಿ ಹಲವು ಹಿರಿಯ ಅಧಿಕಾರಿಗಳು ಸಂಸ್ಥೆಯನ್ನು ಬಿಟ್ಟರು. 2014ರಲ್ಲಿ ತಂದೆ ಮಗ ಇಬ್ಬರೂ ಹಿಂದೆ ಸರಿದರು. ಆಗಸ್ಟ್ ತಿಂಗಳಿನಲ್ಲಿ ವಿಶಾಲ್ ಸಿಕ್ಕಾ ಎಂಬುವರು ಸ್ಥಾಪಕರಲ್ಲದ ಮೊದಲ ಮುಖ್ಯಾಧಿಕಾರಿಯಾದರು.

2022ರ ಡಿಸೆಂಬರಿನಲ್ಲಿ, ಸಂಸ್ಥೆಯ ನಲವತ್ತು ವರ್ಷದ ಸಮಾರಂಭದಲ್ಲಿ, ನಾರಾಯಣಮೂರ್ತಿಯವರು ಆ ಕಟ್ಟಳೆಯೇ ತಪ್ಪಾಗಿತ್ತು, ಅರ್ಹರಾದವರನ್ನು ಸಂಸ್ಥೆಗೆ ಎರವಾಗಿಸಿದೆ ಎಂಬರ್ಥದ ಮಾತನಾಡಿದರು. ಹಿರಿಯರ ಮಾತಿಗೆ ಗೌರವವಿತ್ತು ನಾವು ಇದನ್ನು ಒಪ್ಪಲಾರೆವು. ನಮ್ಮಲ್ಲಿ ಪುತ್ರವರ್ಗದ ಮಠಗಳೂ ಇವೆ, ಶಿಷ್ಯವರ್ಗದ ಮಠಗಳೂ ಇವೆ. ಎರಡರ ಅನುಭವವೂ ಸಮಾಜಕ್ಕಿದೆ. ಮಗನು ಅರ್ಹನಾಗಿರಬಹುದು. ಆದರೆ ಅವನು ಅರ್ಹನೆಂದು ಅಳೆಯುವವರು ಯಾರು? ತಂದೆಯ ಎದುರಿಗೆ ನಿಂತು ಮಗನು ಯೋಗ್ಯನಲ್ಲವೆಂದು ಹೇಳುವ ಧೈರ್ಯ ನೌಕರನಿಗಾಗಲಿ, ಭಕ್ತನಿಗಾಗಲಿ ಎಲ್ಲಿಂದ ಬಂದೀತು? ಊರಿನವರು ಚೀಲ ಜೋಳ, ಹಿಡಿ ಹಣ ಕೊಟ್ಟು ಕಟ್ಟಿದ ಎಷ್ಟೋ ವಿದ್ಯಾಸಂಸ್ಥೆಗಳು ಎರಡನೆಯ ತಲೆಮಾರಿಗೆ ಒಂದೇ ಮನೆಯ ಆಸ್ತಿಯಂತಾದುದು ಹೀಗೆಯೇ. ಆಸ್ತಿಯನ್ನೇ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಹೋದ ಸಿರಸಂಗಿ ಲಿಂಗರಾಜರನ್ನು ಕಂಡ ನಾಡಿನಲ್ಲಿ ಈ ಮಾತನ್ನು ಹೇಳಬೇಕಾಗಿ ಬಂದಿರುವುದು ನಮಗೆ ವ್ಯಥೆಯ ವಿಷಯ.

ಸಿಕ್ಕಾ ಅವರ ಕಾಲ ಸುಖವಾಗಿ ಮುಗಿಯಲಿಲ್ಲ. ಹೊರಹೋದ ಹಣಕಾಸು ಮುಖ್ಯಾಧಿಕಾರಿಗೆ ಕೊಡಲೊಪ್ಪಿದ ಭಾರಿ ಮೊತ್ತ, ಇಸ್ರೇಲಿನ ಪನಾಯಾ ಎಂಬ ಕಂಪನಿಯನ್ನು 20 ಕೋಟಿ ಡಾಲರಿಗೆ ಕೊಂಡುದು, ಇವನ್ನು ಕುರಿತು ನಾರಾಯಣಮೂರ್ತಿಯವರು ಪತ್ರಿಕೆಗಳ ಮೂಲಕವೇ ಪ್ರಶ್ನೆ ಎತ್ತಿದರು. 2017ರ ಆಗಸ್ಟ್ 18ರಂದು ಸಿಕ್ಕಾ ರಾಜೀನಾಮೆ ಕೊಟ್ಟರು. ಆಡಳಿತ ಮಂಡಳಿ ಬಹಿರಂಗವಾಗಿ ಸ್ಥಾಪಕರ ಮೇಲೆಯೇ ಹೊಣೆ ಹೊರಿಸಿತು. ಪ್ರಶ್ನೆ ಕೇಳುವ ಹಕ್ಕು ಷೇರುದಾರರಾಗಿ ಅವರಿಗಿತ್ತು. ಆದರೆ ಪೀಠದಿಂದಿಳಿದ ಹಿರಿಯರು ಬಾಗಿಲ ಬಳಿಯೇ ನಿಂತು ಲೆಕ್ಕ ಕೇಳುತ್ತಿದ್ದರೆ ಒಳಗೆ ಕುಳಿತವರ ಕೈ ನಡುಗುವುದು ಸಹಜ. ಯಜಮಾನಿಕೆಯನ್ನು ಸೊಸೆಗೆ ಒಪ್ಪಿಸಿ ಸಾಸಿವೆ ಡಬ್ಬಿಯ ಬೀಗವನ್ನು ಸೆರಗಿನಲ್ಲಿಯೇ ಕಟ್ಟಿಕೊಂಡ ಅತ್ತೆಯರನ್ನು ನಮ್ಮ ತಾಯಂದಿರು ಬಲ್ಲರು.

ಆ ವಾರದಲ್ಲಿಯೇ ನಿಲೇಕಣಿಯವರು ಅಧ್ಯಕ್ಷರಾಗಿ ಮರಳಿದರು. ದಿನದಿನದ ಕಾರ್ಯಭಾರವನ್ನು ತಾವು ಹಿಡಿಯದೆ, ಹೊರಗಿನಿಂದ ಸಲೀಲ್ ಪಾರೇಖ್ ಅವರನ್ನು ಆರಿಸಿ ತಂದರು. 2018ರ ಜನವರಿ 2ರಂದು ಪಾರೇಖ್ ಅಧಿಕಾರ ವಹಿಸಿಕೊಂಡರು. 2022ರಲ್ಲಿ ಅವರನ್ನು 2027ರ ಮಾರ್ಚ್‌ವರೆಗೆ ಮತ್ತೆ ನೇಮಿಸಲಾಯಿತು. ಗಲಾಟೆ ಅಡಗಿತು. ಮಾತು ಕಡಿಮೆ, ಕೆಲಸ ಹೆಚ್ಚು ಎಂಬಂತೆ ನಡೆದ ಈ ಜೋಡಿಯ ಕಾಲದಲ್ಲಿ ಹಿಂದಿನಂತಹ ಬಹಿರಂಗ ಕಲಹ ಕಾಣಲಿಲ್ಲ. ಸ್ಥಾಪಕನೊಬ್ಬನು ಪಕ್ಕದಲ್ಲಿದ್ದೂ ಹೊರಗಿನವನಿಗೆ ದಾರಿ ಬಿಡಬಲ್ಲನೆಂಬುದು ಇದರಿಂದ ಕಂಡುಬಂದಿತು.

ಹೇಳದೆ ಉಳಿಸಬಾರದ ಸಂಗತಿ ಇನ್ನೊಂದಿದೆ. ಆರಂಭದ ಏಳು ಜನರಲ್ಲಿ ಒಬ್ಬ ಹೆಣ್ಣುಮಗಳಿಲ್ಲ. ಹಣ ಕೊಟ್ಟ ಸುಧಾ ಮೂರ್ತಿಯವರು ಸ್ವತಃ ಇಂಜಿನಿಯರು, ಟೆಲ್ಕೊ ಕಾರ್ಖಾನೆ ನೇಮಿಸಿಕೊಂಡ ಮೊದಲ ಮಹಿಳಾ ಇಂಜಿನಿಯರು. ಗಂಡಹೆಂಡಿರಲ್ಲಿ ಒಬ್ಬರೇ ಸಂಸ್ಥೆಯಲ್ಲಿರಬೇಕೆಂದು ಪತಿ ಹೇಳಿದ್ದರಿಂದ ಅವರು ಹೊರಗುಳಿದರು. ಕದಳಿಯ ಹಾದಿಯನ್ನು ಹಿಡಿದ ಅಕ್ಕನಿಗೂ ಕಸ ಗುಡಿಸುವ ಕಾಯಕದ ಸತ್ಯಕ್ಕನಿಗೂ ಮಾತಿನ ಹಕ್ಕಿತ್ತ ಮಂಟಪವನ್ನು ಬಲ್ಲ ನಮಗೆ ಈ ಕಟ್ಟಳೆ ಅಂದೂ ಸರಿ ಕಾಣದು, ಇಂದೂ ಕಾಣದು. ಮಗನಿಗೆ ಹಾಕಿದ ಕಟ್ಟಳೆ ಬೇರೆ, ದುಡಿಮೆಯಲ್ಲಿ ಸಮಾನಳಾದ ಹೆಂಡತಿಗೆ ಹಾಕಿದ ಕಟ್ಟಳೆ ಬೇರೆ. ಮಗನಿಗೆ ಸಂಸ್ಥೆ ಸಿದ್ಧವಾಗಿ ಸಿಗುತ್ತದೆ. ಆಕೆಯಾದರೋ ಅದಕ್ಕೆ ಮೊದಲ ಕಲ್ಲು ಇಟ್ಟವಳು. 2024ರಲ್ಲಿ ನಾರಾಯಣಮೂರ್ತಿಯವರೇ ಅದು ತಪ್ಪು ಆದರ್ಶವಾಗಿತ್ತೆಂದು ಒಪ್ಪಿಕೊಂಡರು. ಅಷ್ಟರೊಳಗೆ ಆ ತಾಯಿ 1996ರಲ್ಲಿ ಸ್ಥಾಪಿತವಾದ ಇನ್ಫೋಸಿಸ್ ಪ್ರತಿಷ್ಠಾನವನ್ನು ನಡೆಸಿ, ದೇವದಾಸಿಯರ ಉದ್ಧಾರ, ಗ್ರಾಮಗಳ ಗ್ರಂಥಾಲಯಗಳು, ಆಸ್ಪತ್ರೆಗಳ ಕಟ್ಟಡಗಳು ಎಂದು ನಾಡೆಲ್ಲ ತಿರುಗಿ, 2021ರ ಡಿಸೆಂಬರ್ 31ರಂದು ಆ ಪ್ರತಿಷ್ಠಾನದ ಅಧ್ಯಕ್ಷಸ್ಥಾನವನ್ನು ಬಿಟ್ಟುಕೊಟ್ಟು ಹೊರಬಂದಿದ್ದರು.