ಮಕ್ಕಳು ರಚಿಸುವ ಕಥೆಪುಸ್ತಕ

ಕಾಲೇಜಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ‘ನಮ್ಮ ಊರು’ ಎಂಬ ವಿಷಯವನ್ನು ಕೊಟ್ಟು, ಒಂದು ಪುಟ ಬರೆಯಿರೆಂದು ನಾನು ಹೇಳುವುದುಂಟು. ಕೈಗೆ ಬರುವ ಲೇಖನಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಊರು ಪ್ರಕೃತಿಸೌಂದರ್ಯದ ನೆಲೆವೀಡು, ಜನರು ಸರಳಜೀವಿಗಳು, ಊರ ಮುಂದೆ ಒಂದು ಕೆರೆ. ಆ ಕೆರೆ ಯಾವ ಊರಿನದೆಂದು ಮಾತ್ರ ತಿಳಿಯುವಂತಿಲ್ಲ. ಇಂತಹ ಬರಹದಲ್ಲಿ ಹುಡುಕಿದರೂ ತಪ್ಪು ಸಿಕ್ಕದು; ಬರೆದವನೂ ಸಿಕ್ಕನು. ತಾನು ಕಂಡುದನ್ನು ಹೇಳುವ ಧೈರ್ಯ ಈ ತರುಣನಿಗೆ ಏಕೆ ಇಲ್ಲ? ಎಳೆಯ ತರಗತಿಯಲ್ಲಿ ಹಸುವಿನ ಮೇಲಣ ಪ್ರಬಂಧವನ್ನು ಕರಿಹಲಗೆಯಿಂದ ನಕಲು ಮಾಡಿಕೊಂಡ ದಿನವೇ, ತನ್ನ ಮನೆಯ ಹಸು ಬರಹಕ್ಕೆ ಯೋಗ್ಯವಲ್ಲವೆಂದು ಅವನು ಕಲಿತುಬಿಟ್ಟನೆಂದು ನನಗೆ ತೋರುತ್ತದೆ.

ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನಲ್ಲಿ ಹರದನಹಳ್ಳಿ ಎಂಬ ಗ್ರಾಮವಿದೆ. ಮಾಜಿ ಪ್ರಧಾನಿ ದೇವೇಗೌಡರು 1933ರಲ್ಲಿ ಜನಿಸಿದ ಊರೆಂದು ಅನೇಕರು ಅದನ್ನು ಬಲ್ಲರು. ಅಂತಹ ಒಂದು ಗ್ರಾಮದ ಶಾಲೆಯಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳು ಕಥೆ ಬರೆಯುತ್ತಿರುವಳೆಂದು ಭಾವಿಸೋಣ. ‘ಕರು ಓಡಿಹೋಯಿತು. ಆಮೇಲೆ ಸಿಕ್ಕಿತು’ ಎಂದು ಎರಡು ವಾಕ್ಯ ಬರೆದು ಅವಳು ಸುಮ್ಮನಾಗುತ್ತಾಳೆ. ಇನ್ನೂ ಬರೆಯೆಂದು ಗದರಿಸಿದರೆ ಪ್ರಯೋಜನವಿಲ್ಲ. ಅದರ ಚಿತ್ರ ಬರೆಯೆಂದು ಉಪಾಧ್ಯಾಯರು ಹೇಳಲಿ. ಚಿತ್ರದಲ್ಲಿ ರಾಗಿಯ ಹೊಲ ಕಾಣುತ್ತದೆ; ತುಂಡಾದ ಹಗ್ಗ ಕಾಣುತ್ತದೆ; ಬದುವಿನ ಮೇಲೆ ದೊಣ್ಣೆ ಹಿಡಿದು ನಿಂತ ಒಬ್ಬ ಮನುಷ್ಯನೂ ಕಾಣುತ್ತಾನೆ. ‘ಇವರು ಯಾರಮ್ಮ?’ ಎಂದು ಕೇಳಿದೊಡನೆ ನಿಜವಾದ ಕಥೆ ಹೊರಡುತ್ತದೆ. ಬರೆಯುವ ಕೈ ಇನ್ನೂ ಅಕ್ಷರಗಳೊಡನೆ ಹೋರಾಡುತ್ತಿರುವಾಗ, ಮನಸ್ಸು ಕಂಡುದನ್ನು ಚಿತ್ರವು ಕಾದಿಟ್ಟುಕೊಳ್ಳುತ್ತದೆ. ಆದುದರಿಂದ ಚಿತ್ರವನ್ನು ಕಥೆಗೆ ಕೊನೆಯಲ್ಲಿ ತೊಡಿಸುವ ಅಲಂಕಾರವೆಂದು ಎಣಿಸಬಾರದು. ಹಳೇಬೀಡಿನ ಗೋಡೆಗಳ ಮೇಲೆ ರಾಮಾಯಣ ಭಾರತಗಳನ್ನು ಸಾಲು ಸಾಲಾಗಿ ಕಲ್ಲಿನಲ್ಲಿ ಓದಿಕೊಂಡು ಬಂದ ಸೀಮೆಗೆ ಈ ಮಾತು ಹೊಸದಲ್ಲವಷ್ಟೆ.

ಮಕ್ಕಳಿಗೆ ಕಥೆ ಕಟ್ಟುವ ಶಕ್ತಿ ಇದೆಯೇ ಎಂದು ಸಂದೇಹಪಡುವವರು ರಷ್ಯಾದ ಟಾಲ್‌ಸ್ಟಾಯ್ ಅವರ ಅನುಭವವನ್ನು ಕೇಳಬೇಕು. ಯಾಸ್ನಾಯ ಪೊಲ್ಯಾನದ ತಮ್ಮ ಶಾಲೆಯಲ್ಲಿ ಅವರು ಒಂದು ಗಾದೆಯನ್ನು ಕೊಟ್ಟು, ಅದರ ಮೇಲೆ ಕಥೆ ಬರೆಯಿರೆಂದು ರೈತರ ಮಕ್ಕಳಿಗೆ ಹೇಳಿದರು. ಮಕ್ಕಳು ಹಿಂಜರಿಯಲು ತಾವೇ ಬರೆಯತೊಡಗಿದರು. ಹುಡುಗರು ಸುತ್ತ ನೆರೆದು, ಇದು ಹೀಗಲ್ಲ, ಹಾಗೆ ಎಂದು ತಿದ್ದಲಾರಂಭಿಸಿದರು. ಆ ತಿದ್ದುಪಾಡುಗಳು ತಮ್ಮ ಬರಹಕ್ಕಿಂತ ಉತ್ತಮವೆಂದು ಆ ಮಹಾಲೇಖಕರಿಗೆ ಕಂಡಿತು. ಬರೆಯುವುದನ್ನು ಯಾರಿಂದ ಯಾರು ಕಲಿಯಬೇಕೆಂದು ಕೇಳುವ ಲೇಖನವನ್ನೇ ಅವರು 1862ರಲ್ಲಿ ಪ್ರಕಟಿಸಿದರು. ಗಾದೆಗಳಿಗೆ ನಮ್ಮಲ್ಲಿಯೂ ಬಡತನವಿಲ್ಲ.

ಕ್ರಮವು ಸುಲಭವಾದುದು. ಮೊದಲು ಮಗು ಕಥೆಯನ್ನು ಬಾಯಲ್ಲಿ ಹೇಳಲಿ, ಬಳಿಕ ಚಿತ್ರ ಬರೆಯಲಿ, ಅನಂತರ ಅಕ್ಷರಕ್ಕಿಳಿಸಲಿ. ಬರೆದುದನ್ನು ತರಗತಿಯ ಮುಂದೆ ಓದಲಿ. ‘ಕರು ಹೇಗೆ ಸಿಕ್ಕಿತು?’ ಎಂದು ಗೆಳತಿ ಕೇಳಿದಾಗ, ಬಿಟ್ಟುಹೋದ ಭಾಗ ಬರೆದವಳಿಗೇ ಹೊಳೆಯುತ್ತದೆ. ಕಾಗುಣಿತವನ್ನು ತಿದ್ದುವುದು ಎಲ್ಲಕ್ಕೂ ಕೊನೆಯ ಕೆಲಸ. ನಾಲ್ಕು ಹಾಳೆಗಳನ್ನು ಒಟ್ಟಿಗೆ ನಡುವೆ ಮಡಿಸಿ ದಾರದಿಂದ ಹೊಲಿದರೆ ಹದಿನಾರು ಪುಟಗಳ ಪುಸ್ತಕವಾಯಿತು. ಬಣ್ಣಕ್ಕೆ ಇದ್ದಲು, ಕೆಮ್ಮಣ್ಣು, ಅರಿಸಿನ ಸಾಕು. ಮೇಲೆ ಬರೆದವಳ ಹೆಸರಿರಲಿ. ಅದು ಶಾಲೆಯ ಕಪಾಟಿನಲ್ಲಿದ್ದು ಚಿಕ್ಕ ತರಗತಿಯವರ ಕೈಗೆ ಹೋಗಲಿ. ಓದುವವರು ಇದ್ದಾರೆಂದು ತಿಳಿದ ಮಗು ಅಕ್ಷರವನ್ನು ತಾನಾಗಿಯೇ ದುಂಡಗೆ ಬರೆಯುತ್ತದೆ. ಫ್ರಾನ್ಸಿನ ಹಳ್ಳಿಯ ಉಪಾಧ್ಯಾಯ ಫ್ರೆನೆ ಎಂಬವರು 1924ರಲ್ಲಿ ತರಗತಿಯೊಳಕ್ಕೆ ಪುಟ್ಟ ಮುದ್ರಣಯಂತ್ರವನ್ನು ತಂದು ಮಕ್ಕಳ ಬರಹವನ್ನು ಮಕ್ಕಳಿಂದಲೇ ಅಚ್ಚುಮಾಡಿಸಿದುದು ಈ ತತ್ತ್ವದ ಮೇಲೆಯೇ.

ಎರಡು ಆಕ್ಷೇಪಗಳು ಬರಬಹುದು. ಮನೆಮಾತಿನಲ್ಲಿ ಬರೆದರೆ ಭಾಷೆ ಕೆಡುವುದೆಂಬುದು ಒಂದು. ಹೇಮಾವತಿಯ ದಡದ ಗೊರೂರಿನ ಜನರನ್ನೂ ಅವರ ಮಾತನ್ನೂ ‘ಹಳ್ಳಿಯ ಚಿತ್ರಗಳು’ ಎಂಬ ಗ್ರಂಥದಲ್ಲಿ ತಂದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಕನ್ನಡವನ್ನು ಕೆಡಿಸಲಿಲ್ಲ, ಬೆಳೆಸಿದರು. ಗ್ರಂಥಭಾಷೆಯನ್ನು ಮಗು ಕಲಿಯಲೇಬೇಕು. ಆದರೆ ಮನೆಯ ಮಾತನ್ನು ಅಳಿಸಿ ಅದರ ಜಾಗದಲ್ಲಿ ಕಲಿಯಬೇಕಾದುದಿಲ್ಲ. ಒಬ್ಬ ಉಪಾಧ್ಯಾಯರು ಹಲವು ತರಗತಿಗಳನ್ನು ನೋಡುವಲ್ಲಿ ಇದಕ್ಕೆ ಬಿಡುವೆಲ್ಲಿ ಎಂಬುದು ಇನ್ನೊಂದು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯು ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಗುಂಪುಗಳಲ್ಲಿ ಕೂಡಿಸಿ, ಒಬ್ಬರಿಂದೊಬ್ಬರು ಕಲಿಯುವ ದಾರಿಯನ್ನು ತೋರಿಸಿದೆ. ದೊಡ್ಡವಳು ಬರೆದ ಪುಸ್ತಕವನ್ನು ಚಿಕ್ಕವನು ಓದುತ್ತಿದ್ದರೆ ಉಪಾಧ್ಯಾಯರಿಗೂ ಉಸಿರಾಡಲು ಅವಕಾಶ ದೊರೆತೀತು.

ಪಟ್ಟಣದ ತಂದೆತಾಯಿಗಳು ಶಾಲೆಗಾಗಿ ಕಾಯಬೇಕಾಗಿಲ್ಲ. ಈ ಸಂಜೆಯೇ ಮಗುವಿನ ಕೈಗೆ ನಾಲ್ಕು ಹಾಳೆ ಕೊಟ್ಟು ನೋಡಬಹುದು. ಮಗು ಬರೆದು ತಂದಾಗ ಕಣ್ಣು ಮೊದಲು ತಪ್ಪಿದ ಒತ್ತಕ್ಷರದ ಕಡೆಗೇ ಓಡುವುದು ದೊಡ್ಡವರ ಸ್ವಭಾವ. ಆ ಒಂದು ಗಳಿಗೆ ಕೆಂಪು ಶಾಯಿಯನ್ನು ಬದಿಗಿಟ್ಟು, ‘ಆಮೇಲೆ ಏನಾಯಿತು?’ ಎಂದು ಕೇಳಿದರೆ ಸಾಕು.